ಆಂಪ್ಲಿಫೈಯರ್ ವ್ಯಾಪಾರ: ಪೆಟ್ಟಿಗೆಯ ಮೇಲಿನ ವ್ಯಾಟ್, ಬಿಲ್ಲಿನ ಮೇಲಿನ ವ್ಯಾಟ್

ಬನ್ನೂರು ಕುರಿ ಎಂದರೆ ರಾಜ್ಯದಾದ್ಯಂತ ಹೆಸರು. ಅದನ್ನು ಕೊಳ್ಳಲು ಬಂದವರು ಮಾರುವವನ ಮಾತನ್ನು ಒಂದು ಕಿವಿಯಲ್ಲಿ ಕೇಳುತ್ತಲೇ ಬೆನ್ನಿನ ಮೇಲೆ ಕೈಯಾಡಿಸಿ, ಸೊಂಟದ ಬಳಿ ಒತ್ತಿ ನೋಡಿ, ಮರಿಯಾದರೆ ಎತ್ತಿ ಹಿಡಿದು ಬೆಲೆ ಕಟ್ಟುತ್ತಾರೆ. ಎಲೆಕ್ಟ್ರಾನಿಕ್ಸ್ ವರ್ತಕರಾದ ನಾವೂ ಬಹಳ ವರ್ಷಗಳ ಕಾಲ ಆಂಪ್ಲಿಫೈಯರ್‌ಗಳನ್ನು ಹೀಗೆಯೇ ಕೊಂಡು ತಂದೆವು. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯಲ್ಲಿ ಪೆಟ್ಟಿಗೆಯನ್ನು ಎರಡು ಕೈಯಲ್ಲಿ ಎತ್ತಿ ನೋಡುವುದು, ಭಾರವಿದ್ದರೆ ಒಳಗೆ ದೊಡ್ಡ ಟ್ರಾನ್ಸ್‌ಫಾರ್ಮರ್ ಇದೆಯೆಂದು ತಿಳಿಯುವುದು, ಹಗುರವಿದ್ದರೆ ಪಕ್ಕಕ್ಕಿಡುವುದು. ಪೆಟ್ಟಿಗೆಯ ಮೇಲೆ ಏನೇ ಮುದ್ರಿಸಿದ್ದರೂ ಕೈ ಸುಳ್ಳು ಹೇಳುತ್ತಿರಲಿಲ್ಲ. ಕ್ಲಾಸ್-ಡಿ ಆಂಪ್ಲಿಫೈಯರ್ ಬಂದ ಮೇಲೆ ಈ ಪರೀಕ್ಷೆ ಕೆಟ್ಟಿತು. ಒಳ್ಳೆಯದೂ ಹಗುರ, ಕಳಪೆಯೂ ಹಗುರ. ಆದುದರಿಂದ ಕೈ ಹೇಳುತ್ತಿದ್ದುದನ್ನು ಇನ್ನು ಮುಂದೆ ಕಾಗದವೇ ಹೇಳಬೇಕಾಗಿದೆ. ಆ ಕಾಗದವು ನಮ್ಮ ಬಿಲ್ಲೇ ಆಗಬೇಕೆಂಬುದು ಈ ಲೇಖನದ ವಾದ.

ಇದನ್ನು ನಾನು ಪುಸ್ತಕ ಓದಿ ಕಲಿಯಲಿಲ್ಲ, ನಷ್ಟ ಅನುಭವಿಸಿ ಕಲಿತೆ. 2022ರ ಕೊನೆಯಲ್ಲಿ, 'ಕಾಂತಾರ' ಚಿತ್ರ ಊರಿನ ಎಲ್ಲರ ಬಾಯಲ್ಲಿದ್ದ ದಿನಗಳಲ್ಲಿ, ಆಲೆಮನೆ ನಡೆಸುವ ಗ್ರಾಹಕರೊಬ್ಬರು ಹೊಸ ಮನೆಯ ಹಜಾರಕ್ಕೆ ಹೋಮ್ ಥಿಯೇಟರ್ ಬೇಕೆಂದು ಬಂದರು. ಹಜಾರ ಹನ್ನೆರಡು ಅಡಿ ಅಗಲ, ಹದಿನಾರು ಅಡಿ ಉದ್ದ. ಸ್ಪೀಕರ್‌ಗಳನ್ನು ಮೈಸೂರಿನಿಂದ ಆಗಲೇ ತಂದಿದ್ದರು. ನಾನು ಕೊಟ್ಟದ್ದು ಐದು ಚಾನೆಲ್‌ನ ಕ್ಲಾಸ್-ಡಿ ಆಂಪ್ಲಿಫೈಯರ್. ಪೆಟ್ಟಿಗೆಯ ಮೇಲೆ ದಪ್ಪ ಅಕ್ಷರದಲ್ಲಿ 1000 ವ್ಯಾಟ್ ಎಂದಿತ್ತು. ತಯಾರಕರ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಹೇಳಿದರೂ ಪ್ರಯೋಜನವಿಲ್ಲ, ಅಂಥವರು ಒಬ್ಬರಲ್ಲ. ಮಾತಿನ ದೃಶ್ಯಗಳಿಗೆ ಅದು ಚೆನ್ನಾಗಿಯೇ ನಡೆಯಿತು. ಚಿತ್ರದ ಕೊನೆಯಲ್ಲಿ ವಾದ್ಯಗಳೂ ಕೂಗೂ ಒಟ್ಟಿಗೆ ಏರುವ ಕಡೆ ಮಾತ್ರ ಟಕ್ ಎಂದು ಆರಿ ಹೋಗುತ್ತಿತ್ತು. ಅರ್ಧ ನಿಮಿಷ ಬಿಟ್ಟು ತಾನಾಗಿಯೇ ಹೊತ್ತಿಕೊಂಡು, ಮತ್ತೆ ಆರುತ್ತಿತ್ತು. ನೆಂಟರಿಷ್ಟರನ್ನು ಕೂರಿಸಿಕೊಂಡ ದಿನವೂ ಹೀಗೆಯೇ ಆಯಿತಂತೆ.

ಹದಿನೈದು ದಿನಗಳ ನಂತರ ಅವರು ಪೆಟ್ಟಿಗೆಯನ್ನು ಗಲ್ಲಾದ ಮೇಲಿಟ್ಟು ಹೇಳಿದ ಮಾತು ನನಗೆ ಇನ್ನೂ ಚುಚ್ಚುತ್ತದೆ: "ಅಣ್ಣಾ, ನಾನು ಕೆ.ಜಿ.ಗೆ ನೂರು ಗ್ರಾಂ ಬೆಲ್ಲ ಕಮ್ಮಿ ತೂಗುದ್ರೆ ಮಾರ್ಕೆಟ್ನಲ್ಲಿ ಬುಟ್‌ಬುಟ್ಟಾರಾ? ನಿಮ್ ಸಾವ್ರ ವ್ಯಾಟ್ನ ಯಾವ್ ತಕ್ಕಡೀಲಿ ತೂಗುದ್ರಿ?"

ಅವರು ಹೋದ ಮೇಲೆ ಪೆಟ್ಟಿಗೆ ಬಿಚ್ಚಿದೆ. ಒಳಗೆ ಎರಡೆರಡು ಚಾನೆಲ್‌ನ ಮೂರು ಬೋರ್ಡ್‌ಗಳು. ಎಲ್ಲಕ್ಕೂ ಸೇರಿ ಒಂದೇ ಪವರ್ ಸಪ್ಲೈ. ಅದರ ಮೇಲಿನ ಚೀಟಿಯಲ್ಲಿ 36 ವೋಲ್ಟ್, 5 ಆಂಪಿಯರ್ ಎಂದಿತ್ತು. ಮೂವತ್ತಾರನ್ನು ಐದರಿಂದ ಗುಣಿಸಿದರೆ 180. ನೂರ ಎಂಬತ್ತು ವ್ಯಾಟ್ ಒಳಗೆ ಹೋಗುವ ಯಂತ್ರದಿಂದ ಸಾವಿರ ವ್ಯಾಟ್ ಹೊರಗೆ ಬರುವುದಾದರೆ ಕಾವೇರಿಗೆ ಅಣೆಕಟ್ಟೆ ಕಟ್ಟುವ ಅಗತ್ಯವೇ ಇರುತ್ತಿರಲಿಲ್ಲ. ಹಣ ವಾಪಸು ಕೊಟ್ಟೆ. ನನಗೆ ಮಾರಿದ ಸಗಟು ವ್ಯಾಪಾರಿ ವಾಪಸು ಪಡೆಯಲಿಲ್ಲ. ಆ ಪೆಟ್ಟಿಗೆ ಈಗಲೂ ನನ್ನ ಗೋದಾಮಿನಲ್ಲಿದೆ.

ಇಷ್ಟು ಓದಿ ಕ್ಲಾಸ್-ಡಿ ತಂತ್ರವೇ ಕೆಟ್ಟದ್ದೆಂದು ಯಾರೂ ಭಾವಿಸಬಾರದು. ನನ್ನ ಅಭಿಪ್ರಾಯ ಇದಕ್ಕೆ ತೀರ ವಿರುದ್ಧವಾದುದು. ನಮ್ಮಂತಹ ಊರಿಗೆ, ಐದಾರು ಚಾನೆಲ್‌ಗಳ ಬಳಕೆಗೆ, ಇದಕ್ಕಿಂತ ಸೂಕ್ತವಾದ ಬಗೆ ಇನ್ನೊಂದಿಲ್ಲ. ಕಾರಣವನ್ನು ಕಾಲುವೆಯ ತೂಬನ್ನು ಬಲ್ಲ ಯಾರೂ ಸುಲಭವಾಗಿ ಗ್ರಹಿಸಬಹುದು. ಹಳೆಯ ಎ.ಬಿ. ವರ್ಗದ ಆಂಪ್ಲಿಫೈಯರ್‌ನಲ್ಲಿ ಟ್ರಾನ್ಸಿಸ್ಟರ್‌ಗಳು ಅರ್ಧ ತೆರೆದ ತೂಬಿನಂತೆ ಕೆಲಸ ಮಾಡುತ್ತವೆ. ತಡೆದ ಶಕ್ತಿಯೆಲ್ಲ ಶಾಖವಾಗಿ ಹೋಗುತ್ತದೆ. ಕ್ಲಾಸ್-ಡಿಯಲ್ಲಿ ತೂಬು ಪೂರ್ತಿ ತೆರೆದಿರುತ್ತದೆ, ಇಲ್ಲವೇ ಪೂರ್ತಿ ಮುಚ್ಚಿರುತ್ತದೆ. ಸೆಕೆಂಡಿಗೆ ನಾಲ್ಕೈದು ಲಕ್ಷ ಬಾರಿ ತೆರೆದು ಮುಚ್ಚಿ, ಎಷ್ಟು ಹೊತ್ತು ತೆರೆದಿತ್ತು ಎಂಬುದರ ಮೇಲೆ ನೀರಿನ ಪ್ರಮಾಣವನ್ನು ನಿಗದಿ ಮಾಡುತ್ತದೆ. ಅರ್ಧ ತೆರೆದ ಸ್ಥಿತಿಯಿಲ್ಲದ ಕಾರಣ ವ್ಯರ್ಥವಾಗುವುದು ಅತ್ಯಲ್ಪ. ಅಂದಹಾಗೆ 'ಡಿ' ಎಂದರೆ ಡಿಜಿಟಲ್ ಎಂದು ಗ್ರಾಹಕರಿಗೆ ಹೇಳುವ ರೂಢಿ ನಮ್ಮಲ್ಲಿದೆ. ಅದು ತಪ್ಪು. ಎ, ಬಿ, ಸಿ ಆದ ಮೇಲೆ ಬಂದ ಅಕ್ಷರ, ಅಷ್ಟೇ. 1964ರಲ್ಲೇ ಇಂಗ್ಲೆಂಡಿನ ಸಿಂಕ್ಲೇರ್ ಕಂಪನಿ ಎಕ್ಸ್-10 ಎಂಬ ಹೆಸರಿನಲ್ಲಿ ಇಂತಹ ಆಂಪ್ಲಿಫೈಯರ್ ಕಿಟ್ ಮಾರಿತ್ತು. ಆ ಕಾಲದ ಟ್ರಾನ್ಸಿಸ್ಟರ್‌ಗಳಿಗೆ ಅಷ್ಟು ಚುರುಕು ಇರಲಿಲ್ಲವಾದ್ದರಿಂದ ಅದು ನಿಲ್ಲಲಿಲ್ಲ.

ಐದು ಚಾನೆಲ್‌ಗಳೆಂದ ಕೂಡಲೇ ಶಾಖದ ಲೆಕ್ಕ ದೊಡ್ಡದಾಗುತ್ತದೆ. ಚಾನೆಲ್‌ಗೆ ನೂರು ವ್ಯಾಟ್ ಸಾಮರ್ಥ್ಯದ ಆಂಪ್ಲಿಫೈಯರ್ ಅನ್ನು ಅದರ ಎಂಟನೇ ಒಂದು ಭಾಗದ ಬಲದಲ್ಲಿ ನುಡಿಸುತ್ತಿದ್ದೇವೆ ಎಂದುಕೊಳ್ಳೋಣ. ಮನೆಯಲ್ಲಿ ಅದು ಸಾಕಷ್ಟು ಜೋರಾದ ಧ್ವನಿಯೇ. ಸ್ಪೀಕರ್‌ಗಳಿಗೆ ಹೋಗುವುದು ಒಟ್ಟು 62 ವ್ಯಾಟ್ ಚಿಲ್ಲರೆ. ಹಳೆಯ ಮಾದರಿಯಲ್ಲಿ, ತತ್ವದ ಅತ್ಯುತ್ತಮ ಲೆಕ್ಕ ಹಿಡಿದರೂ, ಸುಮಾರು 160 ವ್ಯಾಟ್ ಶಾಖವಾಗಿ ಪೆಟ್ಟಿಗೆಯಲ್ಲೇ ಉಳಿಯುತ್ತದೆ. ಕ್ಲಾಸ್-ಡಿಯಲ್ಲಿ ಉಳಿಯುವುದು ಹದಿನೈದು-ಇಪ್ಪತ್ತು ವ್ಯಾಟ್. ಟಿ.ವಿ. ಕೆಳಗಿನ ಗಾಜಿನ ಬಾಗಿಲಿನ ಗೂಡಿನಲ್ಲಿ, ಏಪ್ರಿಲ್ ತಿಂಗಳಲ್ಲಿ, ಈ ವ್ಯತ್ಯಾಸ ಯಂತ್ರದ ಆಯಸ್ಸನ್ನೇ ನಿರ್ಧರಿಸುತ್ತದೆ. ವಿದ್ಯುತ್ ಹೋದಾಗ ಇನ್ವರ್ಟರ್ ಬ್ಯಾಟರಿಯ ಮೇಲೆ ಬೀಳುವ ಹೊರೆಯೂ ಇದೇ ಪ್ರಮಾಣದಲ್ಲಿ ಕಡಿಮೆ. ನಮ್ಮ ಕಡೆ ಇನ್ನೊಂದು ಲಾಭವಿದೆ. ಗದ್ದೆ ಬಯಲಿನ ಮನೆಗಳಲ್ಲಿ ದೀಪದ ಹುಳುಗಳೂ ಅವುಗಳ ಹಿಂದೆ ಹಲ್ಲಿಯೂ ಆಂಪ್ಲಿಫೈಯರ್‌ನ ಗಾಳಿಕಿಂಡಿಯಿಂದ ಒಳಹೊಕ್ಕು ಬೋರ್ಡ್ ಸುಟ್ಟುಕೊಂಡ ರಿಪೇರಿಗಳನ್ನು ನಾನು ಲೆಕ್ಕವಿಲ್ಲದಷ್ಟು ನೋಡಿದ್ದೇನೆ. ಕ್ಲಾಸ್-ಡಿ ಪೆಟ್ಟಿಗೆಗೆ ಅಷ್ಟು ದೊಡ್ಡ ಕಿಂಡಿಗಳು ಬೇಕಿಲ್ಲ.

ಹಾಗಾದರೆ ಮೋಸ ಎಲ್ಲಿದೆ? ವ್ಯಾಟ್ ಎಂಬ ಪದದಲ್ಲಿದೆ. ಉದಾಹರಣೆಗೆ, ಮಾರುಕಟ್ಟೆಯಲ್ಲಿ ಬಹುಜನಪ್ರಿಯವಾದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯ ಟಿ.ಪಿ.ಎ. 3255 ಎಂಬ ಚಿಪ್ ಅನ್ನು ತೆಗೆದುಕೊಳ್ಳಿ. ಕಂಪನಿಯ ವಿವರಪತ್ರದಲ್ಲಿ ಒಂದೇ ಚಿಪ್‌ಗೆ ಹಲವು ಅಂಕಿಗಳಿವೆ. ಎರಡು ಓಮ್ ಸ್ಪೀಕರ್‌ಗೆ, ಎಲ್ಲವನ್ನೂ ಒಂದೇ ಚಾನೆಲ್ ಮಾಡಿ, ಶೇ. 10ರಷ್ಟು ವಿರೂಪವನ್ನು ಒಪ್ಪಿಕೊಂಡರೆ 600 ವ್ಯಾಟ್. ನಾಲ್ಕು ಓಮ್‌ಗೆ, ಎರಡು ಚಾನೆಲ್, ಅದೇ ವಿರೂಪದಲ್ಲಿ ತಲಾ 315. ವಿರೂಪವನ್ನು ಶೇ. 1ಕ್ಕೆ ಇಳಿಸಿದರೆ 260. ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿರುವ ಎಂಟು ಓಮ್ ಸ್ಪೀಕರ್‌ಗೆ, ಶೇ. 1ರ ವಿರೂಪದಲ್ಲಿ, ತಲಾ 150. ಚಿಪ್ ತಯಾರಿಸಿದವರು ಎಲ್ಲವನ್ನೂ ಬಿಡಿಸಿ ಬರೆದಿದ್ದಾರೆ; ಅವರದೇನೂ ತಪ್ಪಿಲ್ಲ. ಅದನ್ನು ಬೋರ್ಡ್‌ಗೆ ಕೂರಿಸಿ ಮಾರುವವರು 600 ಎಂಬುದನ್ನು ಮಾತ್ರ ಎತ್ತಿಕೊಂಡು ಉಳಿದ ಷರತ್ತುಗಳನ್ನು ಬಿಟ್ಟುಬಿಡುತ್ತಾರೆ. ಶೇ. 10ರ ವಿರೂಪ ಎಂದರೆ ಸಾಮಾನ್ಯ ಕಿವಿಗೂ ಒಡಕು ಗೊತ್ತಾಗುವ ಮಟ್ಟ. ಸ್ಪೀಕರ್ ಕಾಯಿಲ್ ಸುಡುವುದೂ ಆ ಮಟ್ಟದಲ್ಲಿ ಒತ್ತಾಯದಿಂದ ನುಡಿಸಿದಾಗಲೇ. ಇದೇ ಚಿಪ್‌ಗೆ 48 ವೋಲ್ಟ್, 5 ಆಂಪಿಯರ್ ಪವರ್ ಸಪ್ಲೈ ಕೊಟ್ಟರೆ ಮೇಲಿನ ಯಾವ ದೊಡ್ಡ ಅಂಕಿಯೂ ಸಿಗದು; ಗುಣಾಕಾರ ಮಾಡಿ ನೋಡಿ, 240ಕ್ಕೆ ಎಲ್ಲವೂ ಮುಗಿಯಿತು.

ತೊಂಬತ್ತರ ದಶಕದಲ್ಲಿ ಟೇಪ್ ರೆಕಾರ್ಡರ್‌ಗಳ ಮೇಲೆ ಪಿ.ಎಂ.ಪಿ.ಒ. ಎಂದು ಅಂಟಿಸುತ್ತಿದ್ದುದನ್ನು ಹಿರಿಯ ವರ್ತಕರು ಮರೆತಿರಲಾರರು. ಅಂಗೈಯಗಲದ ಸ್ಪೀಕರ್‌ಗೆ ಸಾವಿರಾರು ವ್ಯಾಟ್! ಆ ಅಂಕಿಗೆ ಯಾವ ಮಾನಕದಲ್ಲೂ ವ್ಯಾಖ್ಯೆಯೇ ಇರಲಿಲ್ಲ. ನಾವೆಲ್ಲ ನಗುತ್ತಲೇ ಮಾರಿದೆವು. ಮೈಸೂರಿನಲ್ಲಿ 1935ರಲ್ಲಿ ಪ್ರೊ. ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ 'ಆಕಾಶವಾಣಿ' ಎಂದು ಹೆಸರಿಟ್ಟು ಬಾನುಲಿ ಕೇಂದ್ರ ಆರಂಭಿಸಿದಾಗ ಅವರ ಬಳಿಯಿದ್ದ ಟ್ರಾನ್ಸ್‌ಮಿಟರ್ ಕೆಲವೇ ಹತ್ತು ವ್ಯಾಟ್‌ಗಳದು. ರೇಡಿಯೊ ತರಂಗದ ವ್ಯಾಟ್ ಬೇರೆ, ಸ್ಪೀಕರ್‌ನ ವ್ಯಾಟ್ ಬೇರೆ ಎಂಬುದು ನಿಜ. ಆದರೂ ನಿಜವಾದ ಕೆಲವು ವ್ಯಾಟ್‌ಗಳಿಂದ ಎಷ್ಟು ಕೆಲಸವಾಗುತ್ತದೆ ಎಂಬುದನ್ನು ನಮ್ಮ ಜಿಲ್ಲೆಯವರು ನೆನಪಿಡುವುದು ಒಳ್ಳೆಯದು.

ಹಾಗಾದರೆ ಒಂದು ಹಜಾರಕ್ಕೆ ಎಷ್ಟು ಬೇಕು? ಸಾಧಾರಣ ಮಟ್ಟದ ಸ್ಪೀಕರ್ ಒಂದು ವ್ಯಾಟ್‌ಗೆ ಒಂದು ಮೀಟರ್ ದೂರದಲ್ಲಿ 88 ಡೆಸಿಬೆಲ್ ಧ್ವನಿ ಕೊಡುತ್ತದೆ. ಹತ್ತು ಅಡಿ ದೂರದ ಸೋಫಾಕ್ಕೆ ಅದು 78ರಷ್ಟಾಗಿ ತಲುಪುತ್ತದೆ ಎಂದಿಟ್ಟುಕೊಳ್ಳಿ. ಗೋಡೆಗಳಿಂದ ಮರಳುವ ಧ್ವನಿ ಸೇರಿದರೆ ಇನ್ನೂ ಸ್ವಲ್ಪ ಹೆಚ್ಚೇ. ಇಬ್ಬರು ಕುಳಿತು ಮಾತನಾಡುವ ಮಟ್ಟ ಸುಮಾರು 60. ವ್ಯಾಟ್ ಇಮ್ಮಡಿಯಾದಂತೆ ಮೂರು ಡೆಸಿಬೆಲ್ ಏರುತ್ತದೆ. 64 ವ್ಯಾಟ್‌ಗೆ 96 ಡೆಸಿಬೆಲ್ ಆಯಿತು. ಅದೂ ಒಂದೇ ಸ್ಪೀಕರ್‌ನಿಂದ. ಇನ್ನುಳಿದ ನಾಲ್ಕು, ಮತ್ತು ತನ್ನದೇ ಆಂಪ್ಲಿಫೈಯರ್ ಹೊಂದಿರುವ ಸಬ್‌ವೂಫರ್ ಬೇರೆ. ನೂರು ವ್ಯಾಟ್‌ನಿಂದ ನೂರೈವತ್ತಕ್ಕೆ ಹೋದರೆ ಸಿಗುವುದು ಎರಡು ಡೆಸಿಬೆಲ್‌ಗಿಂತ ಕಡಿಮೆ. ಪಕ್ಕಪಕ್ಕದಲ್ಲಿಟ್ಟು ಕೇಳಿದರೂ ವ್ಯತ್ಯಾಸ ಹೇಳುವುದು ಕಷ್ಟ. ಆದುದರಿಂದ ಬನ್ನೂರಿನ ಯಾವ ಸಾಮಾನ್ಯ ಹಜಾರಕ್ಕೂ ಎಂಟು ಓಮ್‌ನಲ್ಲಿ, ಕಡಿಮೆ ವಿರೂಪದಲ್ಲಿ, ಚಾನೆಲ್‌ಗೆ ಅರವತ್ತರಿಂದ ನೂರು ನಿಜವಾದ ವ್ಯಾಟ್ ಸಾಕೆಂದು ನಾನು ಧೈರ್ಯವಾಗಿ ಹೇಳುತ್ತೇನೆ.

ಇಲ್ಲಿ 'ಎಲ್ಲ ಚಾನೆಲ್‌ಗಳೂ ಒಟ್ಟಿಗೆ ನಡೆಯುವಾಗ' ಎಂಬ ಮಾತು ಬಹು ಮುಖ್ಯ. ಹೆಸರಾಂತ ಕಂಪನಿಗಳ ರಿಸೀವರ್‌ಗಳಲ್ಲೂ ಪ್ರಕಟಿಸುವ ಅಂಕಿ ಬಹುಮಟ್ಟಿಗೆ ಒಂದು ಅಥವಾ ಎರಡು ಚಾನೆಲ್ ಮಾತ್ರ ನಡೆಯುವಾಗಿನದು. ಸಣ್ಣ ಅಕ್ಷರದಲ್ಲಿ ಹಾಗೆಂದು ಬರೆದಿರುತ್ತಾರೆ, ಆದ್ದರಿಂದ ಅದನ್ನು ಸುಳ್ಳೆನ್ನಲಾಗದು. ಚಲನಚಿತ್ರದಲ್ಲಿ ಐದೂ ಚಾನೆಲ್‌ಗಳು ಒಟ್ಟಿಗೆ ಪೂರ್ಣ ಬಲಕ್ಕೆ ಹೋಗುವುದು ಅಪರೂಪ ಎಂಬ ಅವರ ಸಮರ್ಥನೆಯಲ್ಲೂ ಅರ್ಥವಿದೆ. ನಾನು ಕೇಳುತ್ತಿರುವುದು ಐದು ಚಾನೆಲ್‌ಗೂ ಪೂರ್ಣ ಬಲ ಇರಲೇಬೇಕೆಂದಲ್ಲ, ಎಷ್ಟಿದೆ ಎಂದು ಹೇಳಬೇಕೆಂದು ಮಾತ್ರ.

ಪೆಟ್ಟಿಗೆಯ ಹಿಂಬದಿಯ ಫಲಕ ನೋಡಿ ತೀರ್ಮಾನಿಸುವ ಮಿತ್ರರಿಗೆ ಒಂದು ಎಚ್ಚರಿಕೆ. ಅಲ್ಲಿ ಬರೆದಿರುವ ವಿದ್ಯುತ್ ಬಳಕೆಯ ಅಂಕಿಯನ್ನು ಸುರಕ್ಷತಾ ಮಾನಕಗಳ ಪ್ರಕಾರ ಸಾಮಾನ್ಯವಾಗಿ ಎಂಟನೇ ಒಂದು ಭಾಗದ ಬಲದಲ್ಲಿ ಅಳೆದಿರುತ್ತಾರೆ. ಆದ್ದರಿಂದ ಫಲಕದ ಮೇಲೆ 150 ವ್ಯಾಟ್ ಎಂದಿದ್ದ ಮಾತ್ರಕ್ಕೆ ಐದುನೂರು ವ್ಯಾಟ್‌ನ ಆಂಪ್ಲಿಫೈಯರ್ ಸುಳ್ಳೆಂದು ಸಾರಬೇಡಿ. ಒಳಗಿನ ಪವರ್ ಸಪ್ಲೈ ಎಷ್ಟು ವೋಲ್ಟ್, ಎಷ್ಟು ಆಂಪಿಯರ್ ಎಂದು ಸಗಟು ವ್ಯಾಪಾರಿಯನ್ನು ಕೇಳಿ. ಉತ್ತರ ಬಾರದಿದ್ದರೆ ಅದೇ ಉತ್ತರ.

ಇನ್ನೆರಡು ಸಂಗತಿಗಳನ್ನು ಕೊಳ್ಳುವ ಮೊದಲೇ ಪರೀಕ್ಷಿಸಬಹುದು. ಕ್ಲಾಸ್-ಡಿ ಚಿಪ್‌ನಿಂದ ಹೊರಬರುವ ಲಕ್ಷಾಂತರ ಕಡಿತಗಳನ್ನು ನಯಗೊಳಿಸಿ ಶುದ್ಧ ಧ್ವನಿ ಮಾಡುವುದು ತಾಮ್ರದ ತಂತಿ ಸುತ್ತಿದ ಇಂಡಕ್ಟರ್ ಮತ್ತು ಕೆಪಾಸಿಟರ್‌ಗಳ ಫಿಲ್ಟರ್. ಖರ್ಚು ಉಳಿಸುವವರು ಮೊದಲು ಕೈಹಾಕುವುದು ಇಲ್ಲಿಯೇ. ತೆಳು ಇಂಡಕ್ಟರ್ ಜೋರಾದ ಧ್ವನಿಯಲ್ಲಿ ಕಾದು, ತನ್ನ ಗುಣ ಕಳೆದುಕೊಂಡು, ಧ್ವನಿಯನ್ನು ಕೆಡಿಸುತ್ತದೆ. ಅರ್ಧ ಗಂಟೆ ಜೋರಾಗಿ ನುಡಿಸಿದ ಮೇಲೆ ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಸ್ವಲ್ಪ ಹೊತ್ತು ಬಿಟ್ಟು ಮುಚ್ಚಳ ತೆಗೆದರೆ ಇಂಡಕ್ಟರ್ ಕಂದಿದೆಯೇ ಎಂಬುದು ಕಣ್ಣಿಗೇ ಕಾಣುತ್ತದೆ. ಎರಡನೆಯದು ಹಳೆಯ ಟ್ರಾನ್ಸಿಸ್ಟರ್ ರೇಡಿಯೊ ಪರೀಕ್ಷೆ. ಆಕಾಶವಾಣಿ ಬೆಂಗಳೂರು ಕೇಂದ್ರದ ಮಧ್ಯಮ ತರಂಗ 612 ಕಿಲೋಹರ್ಟ್ಸ್‌ನದು. ಅನೇಕ ಕ್ಲಾಸ್-ಡಿ ಚಿಪ್‌ಗಳ ಕಡಿತದ ವೇಗವೂ ಇದರ ಆಸುಪಾಸಿನದೇ. ಮುಳ್ಳನ್ನು ಅಲ್ಲಿಗೆ ತಿರುಗಿಸಿ, ರೇಡಿಯೊವನ್ನು ಆಂಪ್ಲಿಫೈಯರ್‌ನಿಂದ ಮೂರು-ನಾಲ್ಕು ಅಡಿ ದೂರದಲ್ಲಿಟ್ಟು ಸ್ವಿಚ್ ಒತ್ತಿ. ರೇಡಿಯೊ ಗುರ್ರೆಂದು ಕಿರುಚಿದರೆ ಫಿಲ್ಟರೋ ಲೋಹದ ಕವಚವೋ ಸರಿಯಿಲ್ಲ ಎಂದರ್ಥ. ಪ್ರಯೋಗಾಲಯದ ಪರೀಕ್ಷೆಗೆ ಇದು ಸಮನಲ್ಲ. ಐದು ನಿಮಿಷದಲ್ಲಿ ಕಳಪೆಯನ್ನು ಬೇರ್ಪಡಿಸಲು ಸಾಕು.

ಪವರ್ ಸಪ್ಲೈ ನೂರರಿಂದ ಇನ್ನೂರ ನಲವತ್ತು ವೋಲ್ಟ್‌ವರೆಗೆ ಕೆಲಸ ಮಾಡುವಂತಿದ್ದರೆ ಸಂಜೆ ಹೊತ್ತಿನ ಕಡಿಮೆ ವೋಲ್ಟೇಜ್‌ನ ಚಿಂತೆಯಿಲ್ಲ. ನಮ್ಮಲ್ಲಿ ಭಯವಿರುವುದು ಹೆಚ್ಚು ವೋಲ್ಟೇಜ್‌ನದು: ಮಳೆಗಾಳಿಗೆ ನ್ಯೂಟ್ರಲ್ ತಂತಿ ತುಂಡಾದಾಗ ಮನೆಯೊಳಗೆ 400 ವೋಲ್ಟ್‌ವರೆಗೂ ನುಗ್ಗಬಹುದು. ಆಂಪ್ಲಿಫೈಯರ್ ಜೊತೆ ಓವರ್‌ವೋಲ್ಟೇಜ್ ರಕ್ಷಕವೊಂದನ್ನು ಕೊಡದೆ ಮಾರುವುದನ್ನು ನಾನು ನಿಲ್ಲಿಸಿದ್ದೇನೆ. ಗ್ರಾಹಕರಿಗೆ ಇನ್ನೊಂದು ಸಲಹೆಯನ್ನೂ ಕೊಡುತ್ತೇನೆ. ಎಚ್.ಡಿ.ಎಂ.ಐ., ಡಾಲ್ಬಿ ಮುಂತಾದವುಗಳ ಆವೃತ್ತಿಗಳು ಕೆಲವೇ ವರ್ಷಗಳಲ್ಲಿ ಹಳತಾಗುತ್ತವೆ, ಬರಿಯ ಆಂಪ್ಲಿಫೈಯರ್ ಹಳತಾಗುವುದಿಲ್ಲ. ಪ್ರೀ-ಔಟ್ ಸೌಲಭ್ಯವಿರುವ ಸಾಧಾರಣ ರಿಸೀವರ್ ಒಂದನ್ನು ಕೊಂಡು, ಐದು ಚಾನೆಲ್‌ನ ಕ್ಲಾಸ್-ಡಿ ಪವರ್ ಆಂಪ್ಲಿಫೈಯರ್ ಅನ್ನು ಪ್ರತ್ಯೇಕವಾಗಿ ಕೊಂಡರೆ ಮುಂದೆ ಬದಲಿಸಬೇಕಾದ್ದು ಒಂದೇ. ಬಜೆಟ್ ಸಣ್ಣದಾದರೆ ಒಳ್ಳೆಯ ಸೌಂಡ್‌ಬಾರ್ ಕೊಳ್ಳುವುದೇ ಲೇಸು. ಅದನ್ನು ಹೇಳಿ ಒಂದೆರಡು ಮಾರಾಟ ಕಳೆದುಕೊಂಡದ್ದೂ ಉಂಟು.

ಈಗ ಕಾನೂನಿನ ಮಾತು. ನಮ್ಮ ತಕ್ಕಡಿಗಳಿಗೆ 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆಯಿದೆ. ಮುದ್ರೆಯಿಲ್ಲದ ತಕ್ಕಡಿ ಇಟ್ಟುಕೊಂಡರೆ ದಂಡ. ವ್ಯಾಟ್‌ಗೆ ಅಂತಹ ಮುದ್ರೆಯಿಲ್ಲ. ಅಮೆರಿಕದಲ್ಲಿ ಫೆಡರಲ್ ಟ್ರೇಡ್ ಕಮಿಷನ್ 1974ರಲ್ಲೇ ಆಂಪ್ಲಿಫೈಯರ್‌ಗಳ ವ್ಯಾಟ್ ಪ್ರಕಟಣೆಗೆ ನಿಯಮ ಮಾಡಿತು. ತಯಾರಕರು ತಮಗೆ ಬೇಕಾದ ಷರತ್ತು ಆರಿಸಿಕೊಳ್ಳುತ್ತಿದ್ದುದರಿಂದ 2024ರಲ್ಲಿ ಅದನ್ನು ಬಿಗಿಗೊಳಿಸಿ, ಎಂಟು ಓಮ್, 20ರಿಂದ 20,000 ಹರ್ಟ್ಸ್, ಶೇ. 1ನ್ನು ಮೀರದ ವಿರೂಪ ಎಂದು ನಿಗದಿಪಡಿಸಿತು. ನಮ್ಮ ದೇಶದಲ್ಲಿ 2012ರ ಕಡ್ಡಾಯ ನೋಂದಣಿ ಆದೇಶದ ಮೊದಲ ಪಟ್ಟಿಯಲ್ಲೇ ಆಂಪ್ಲಿಫೈಯರ್ ಸೇರಿತ್ತು. ಆದರೆ 2000 ವ್ಯಾಟ್ ಅಥವಾ ಅದಕ್ಕೂ ಹೆಚ್ಚು ವಿದ್ಯುತ್ ಬಳಸುವವು ಮಾತ್ರ. ಅದು ಕೂಡ ಸುರಕ್ಷತೆಯ ನೋಂದಣಿಯೇ ಹೊರತು ವ್ಯಾಟ್‌ನ ಸತ್ಯಾಸತ್ಯತೆಯದಲ್ಲ. ಸಣ್ಣ ಆಂಪ್ಲಿಫೈಯರ್ ಜೊತೆ ಬರುವ ಹೊರ ಅಡಾಪ್ಟರ್‌ಗೆ ಬಿ.ಐ.ಎಸ್. ನೋಂದಣಿ ಬೇಕೆಂಬುದು ಮುಂದಿನ ಪಟ್ಟಿಯಲ್ಲಿ ಬಂತು. ಆ ಗುರುತಿಲ್ಲದ ಅಡಾಪ್ಟರ್ ಅನ್ನು ಯಾರೂ ಅಂಗಡಿಯಲ್ಲಿ ಇಟ್ಟುಕೊಳ್ಳಬಾರದು.

ವರ್ತಕರು ಹೆಚ್ಚು ಗಮನಿಸಬೇಕಾದ್ದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ. ಸರಕಿನ ಗುಣಮಟ್ಟದ ಬಗ್ಗೆ ಸುಳ್ಳು ಹೇಳಿಕೆ ಅನುಚಿತ ವ್ಯಾಪಾರ ಪದ್ಧತಿಯಾಗುತ್ತದೆ ಎಂಬುದು ಎಲ್ಲರಿಗೂ ತಿಳಿದ ವಿಷಯ. 86ನೇ ಸೆಕ್ಷನ್ ಅಷ್ಟಾಗಿ ತಿಳಿದಿಲ್ಲ. ಸರಕಿನ ದೋಷದಿಂದ ಗ್ರಾಹಕನ ಮೈಗೋ ಮನೆಗೋ ಹಾನಿಯಾದಾಗ, ತಯಾರಕ ಯಾರೆಂದು ಗೊತ್ತಿಲ್ಲದಿದ್ದರೆ ಹೊಣೆ ಮಾರಿದವನ ಮೇಲೆ ಬರಬಹುದು. ತಯಾರಕನ ಭರವಸೆಗೆ ಹೊರತಾಗಿ ಮಾರುವವನು ತಾನೇ ಬೇರೆ ಭರವಸೆ ಕೊಟ್ಟಿದ್ದು ಸರಕು ಅದಕ್ಕೆ ತಕ್ಕಂತಿಲ್ಲದಿದ್ದರೂ ಹಾಗೆಯೇ. ಹೆಸರಿಲ್ಲದ ಬೋರ್ಡ್, ಹೆಸರಿಲ್ಲದ ಪವರ್ ಸಪ್ಲೈ ಕೂರಿಸಿ 'ಏನೂ ಆಗಲ್ಲ, ನಾನಿದ್ದೀನಿ' ಎಂದು ಹೇಳಿ ಮಾರುವ ನಮ್ಮ ಪದ್ಧತಿ ಈ ಎರಡೂ ಕಡೆ ಸಿಕ್ಕಿಬೀಳುತ್ತದೆ. ಒಂದು ಮನೆಯ ಪರದೆಗೆ ಬೆಂಕಿ ಹತ್ತಿದರೆ ಸಾಕು.

ಸಣ್ಣ ತಯಾರಕರಿಗೆ ಇದರಲ್ಲಿ ಕಷ್ಟಕ್ಕಿಂತ ಅವಕಾಶವೇ ಹೆಚ್ಚೆಂದು ನಾನು ನಂಬಿದ್ದೇನೆ. ಮೈಸೂರು, ನಂಜನಗೂಡು ಭಾಗದಲ್ಲಿ ತಗಡಿನ ಕೆಲಸ, ಪೌಡರ್ ಕೋಟಿಂಗ್, ವೈಂಡಿಂಗ್ ಬಲ್ಲ ಘಟಕಗಳಿಗೆ ಕೊರತೆಯಿಲ್ಲ. ಬೋರ್ಡ್ ಜೋಡಣೆಯ ವಿಷಯದಲ್ಲಿ 1988ರಲ್ಲಿ ಮೈಸೂರಿನಲ್ಲಿ ಆರಂಭವಾದ ಕೇನ್ಸ್ ಟೆಕ್ನಾಲಜಿ 2022ರಲ್ಲಿ ಷೇರುಪೇಟೆಗೆ ಹೋದುದನ್ನು ನಾವು ಕಂಡಿದ್ದೇವೆ. ಈ ನೆಲದಲ್ಲಿ ಆ ಕೌಶಲವಿಲ್ಲ ಎನ್ನುವಂತಿಲ್ಲ. ಚಿಪ್ ಹೊರಗಿನಿಂದ ಬರಲಿ, ಬೇರೆ ದಾರಿಯಿಲ್ಲ. ದಪ್ಪ ಇಂಡಕ್ಟರ್ ಇಲ್ಲೇ ಸುತ್ತಬಹುದು. ಹುಳು ಹೋಗದ ಜಾಲರಿಯ ಪೆಟ್ಟಿಗೆ ಇಲ್ಲೇ ಮಾಡಬಹುದು. 400 ವೋಲ್ಟ್ ಬಂದರೆ ತಾನೇ ಕಡಿದುಕೊಳ್ಳುವ ಪವರ್ ಸಪ್ಲೈಯನ್ನು ನಮ್ಮ ಹಳ್ಳಿಗಳ ತಂತಿಯನ್ನು ಬಲ್ಲವರೇ ಚೆನ್ನಾಗಿ ಮಾಡಬಲ್ಲರು. ಬೆಂಗಳೂರಿನ ಪೀಣ್ಯದಲ್ಲಿ ಕೇಂದ್ರ ಸರ್ಕಾರದ ಎಸ್.ಟಿ.ಕ್ಯು.ಸಿ. ನಿರ್ದೇಶನಾಲಯದ ಪರೀಕ್ಷಾ ಕೇಂದ್ರವಿದೆ. ಒಂದು ಮಾದರಿಯನ್ನು ಒಮ್ಮೆ ಅಳೆಸಿ, 'ಐದೂ ಚಾನೆಲ್ ಒಟ್ಟಿಗೆ, ಎಂಟು ಓಮ್, ತಲಾ 60 ವ್ಯಾಟ್' ಎಂದು ಪೆಟ್ಟಿಗೆಯ ಮೇಲೆ ಮುದ್ರಿಸುವ ತಯಾರಕ ನಮ್ಮ ಜಿಲ್ಲೆಯಲ್ಲಿ ಹುಟ್ಟಿದರೆ ಮೊದಲ ಹತ್ತು ಪೆಟ್ಟಿಗೆಗಳನ್ನು ಮುಂಗಡ ಕೊಟ್ಟು ಕೊಳ್ಳಲು ನಾನು ಸಿದ್ಧ.

ಆಕ್ಷೇಪಣೆಯನ್ನು ಬಲ್ಲೆ. ಕಳೆದ ತಿಂಗಳು ಇದೇ ಮಾತನ್ನು ತಿ. ನರಸೀಪುರದ ಮಿತ್ರರೊಬ್ಬರ ಮುಂದಿಟ್ಟಾಗ ಅವರು ಹೇಳಿದ್ದು: "ಸ್ವಾಮಿ, ಗಿರಾಕಿ ಬರೋದೇ ಸಾವಿರ ವ್ಯಾಟ್ ಐತಾ ಅಂತ. ನೀವು ಅರವತ್ತು ಅಂದ್ರೆ ಪಕ್ಕದಂಗಡಿಗೆ ಹೋಯ್ತಾನೆ." ಈ ಮಾತಿನಲ್ಲಿ ಸತ್ಯಾಂಶವಿದೆ, ತಳ್ಳಿಹಾಕುವಂತಿಲ್ಲ. 2025ರ ಸೆಪ್ಟೆಂಬರ್ 22ರಿಂದ 32 ಅಂಗುಲಕ್ಕೂ ದೊಡ್ಡ ಟಿ.ವಿ.ಗಳ ಜಿ.ಎಸ್.ಟಿ. ಶೇ. 28ರಿಂದ 18ಕ್ಕೆ ಇಳಿದ ಮೇಲೆ ನನ್ನ ಅಂಗಡಿಯಲ್ಲಿ ದೊಡ್ಡ ಟಿ.ವಿ.ಯ ಜೊತೆಗೆ ಸೌಂಡ್ ಕೇಳುವವರು ಹೆಚ್ಚಿದ್ದಾರೆ. ಅವರಲ್ಲಿ ಅರ್ಧದಷ್ಟು ಜನ ಮೊದಲು ಕೇಳುವುದು ಸಾವಿರ ವ್ಯಾಟ್‌ನದನ್ನೇ. ಒಬ್ಬನೇ ವರ್ತಕ ಅರವತ್ತೆಂದು ಬರೆದರೆ ಅವನು ಸೋಲುತ್ತಾನೆ. ಊರಿನ ತಕ್ಕಡಿಗಳೆಲ್ಲ ಒಂದೇ ಸೇರನ್ನು ಒಪ್ಪಿಕೊಂಡದ್ದರಿಂದಲೇ ಸೇರಿಗೆ ಅರ್ಥ ಬಂತಲ್ಲವೇ? ಆದ್ದರಿಂದಲೇ ಇದನ್ನು ನಮ್ಮ ಸಂಸ್ಥೆಯ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ, ಅಂಗಡಿಯ ಮುಂದೆ ಬೋರ್ಡ್ ಹಾಕಿ ಕುಳಿತಿಲ್ಲ.

ನನ್ನ ಸೂಚನೆ ಸರಳವಾದುದು. ಆಂಪ್ಲಿಫೈಯರ್ ಮಾರುವ ಸದಸ್ಯರೆಲ್ಲರೂ ಬಿಲ್ಲಿನಲ್ಲಿ ಸರಕಿನ ಹೆಸರಿನ ಕೆಳಗೆ ಒಂದು ಸಾಲು ಬರೆಯುವುದು: ಚಾನೆಲ್‌ಗೆ ಎಷ್ಟು ವ್ಯಾಟ್, ಎಷ್ಟು ಓಮ್‌ಗೆ, ಎಷ್ಟು ವಿರೂಪದಲ್ಲಿ, ಎಷ್ಟು ಚಾನೆಲ್ ಒಟ್ಟಿಗೆ ನಡೆಯುವಾಗ; ಅದರ ಮುಂದೆ ತಯಾರಕರ ಹೆಸರು. ತಯಾರಕರು ತಿಳಿಸದಿದ್ದರೆ 'ತಯಾರಕರು ತಿಳಿಸಿಲ್ಲ' ಎಂದೇ ಬರೆಯುವುದು. ಆ ಮೂರನೆಯ ಬಗೆಯ ಬಿಲ್ ಕೈಗೆ ಬಂದಾಗ ಗ್ರಾಹಕ ತಾನಾಗಿಯೇ ಎರಡು ಪ್ರಶ್ನೆ ಕೇಳುತ್ತಾನೆ, ನಾವು ಭಾಷಣ ಮಾಡಬೇಕಿಲ್ಲ. ಬಿಲ್ ಪುಸ್ತಕ ಮುದ್ರಣಕ್ಕೆ ಇದರಿಂದ ಹೆಚ್ಚುವರಿ ಖರ್ಚೇನೂ ಬೀಳುವುದಿಲ್ಲ. ನನ್ನ ಮುದ್ರಕರನ್ನು ವಿಚಾರಿಸಿದ್ದೇನೆ.

ಆಲೆಮನೆಯ ಆ ಗ್ರಾಹಕರು ಮರುವರ್ಷ ಮತ್ತೆ ಬಂದರು. ಈ ಸಲ ನಾನು ಬಿಲ್ಲಿನಲ್ಲಿ ಬರೆದದ್ದು ಐದು ಚಾನೆಲ್, ತಲಾ 70 ವ್ಯಾಟ್, ಎಂಟು ಓಮ್, ಎಲ್ಲವೂ ಒಟ್ಟಿಗೆ. ಹೋದ ಸಲದ್ದಕ್ಕಿಂತ ಬೆಲೆ ಹೆಚ್ಚೇ ಇತ್ತು. ಬಿಲ್ಲನ್ನು ಎರಡು ಸಲ ಓದಿ, ಮಡಿಚಿ, ಜೇಬಿಗಿಟ್ಟುಕೊಂಡು ಹೋದರು. ಪೆಟ್ಟಿಗೆ ಈವರೆಗೆ ವಾಪಸು ಬಂದಿಲ್ಲ. ಬಿಲ್ಲಿನ ನಮೂನೆಯೊಂದನ್ನು ಲಗತ್ತಿಸಿ, ಮುಂದಿನ ಸರ್ವಸದಸ್ಯರ ಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯವನ್ನು ಸೇರಿಸಬೇಕೆಂದು ಗೌರವ ಕಾರ್ಯದರ್ಶಿಗಳಿಗೆ ಪತ್ರ ಬರೆದಿದ್ದೇನೆ. ಭಿನ್ನಾಭಿಪ್ರಾಯವುಳ್ಳ ಸದಸ್ಯರು ಸಭೆಗೆ ಬರುವಾಗ ತಮ್ಮಲ್ಲಿರುವ ಸಾವಿರ ವ್ಯಾಟ್‌ನ ಪೆಟ್ಟಿಗೆಯೊಂದನ್ನು ತಂದರೆ ಅಲ್ಲಿಯೇ ಬಿಚ್ಚಿ, ಪವರ್ ಸಪ್ಲೈ ಮೇಲಿನ ಚೀಟಿಯನ್ನು ಎಲ್ಲರೆದುರು ಓದೋಣ.